ರಾಜಧಾನಿಯ ನೀರು, ಕಣಿವೆಯ ಮಾತು

ಬೆಂಗಳೂರು ನಗರವು ಕಾವೇರಿಯ ನೀರನ್ನು ಕುಡಿಯಲಾರಂಭಿಸಿ ಐವತ್ತು ವರುಷಗಳು ಸಂದುಹೋದುವು. ೧೯೭೪ರಲ್ಲಿ ಮೊದಲನೆಯ ಹಂತದ ನೀರು ನಗರವನ್ನು ಮುಟ್ಟಿತು. ೨೦೨೪ನೆಯ ಇಸವಿ ಅಕ್ಟೋಬರ್ ೧೬ರಂದು ಐದನೆಯ ಹಂತವು ಮಳವಳ್ಳಿ ತಾಲ್ಲೂಕಿನ ತೊರೆಕಾಡನಹಳ್ಳಿಯಲ್ಲಿ ಉದ್ಘಾಟನೆಯಾಯಿತು. ನೂರು ಕಿಲೋಮೀಟರ್ ದೂರದಿಂದ, ಸುಮಾರು ಐನೂರು ಮೀಟರ್ ಎತ್ತರಕ್ಕೆ, ಹಗಲಿರುಳೆನ್ನದೆ ಒಂದು ನದಿಯನ್ನು ಎತ್ತಿ ಒಯ್ಯುವ ಈ ಮಹಾಕಾರ್ಯವನ್ನು ಸಾಧಿಸಿದ ಇಂಜಿನಿಯರುಗಳ ಬುದ್ಧಿಶಕ್ತಿಯನ್ನೂ ಕೆಲಸಗಾರರ ಶ್ರಮವನ್ನೂ ನಾವು ಮನಃಪೂರ್ವಕವಾಗಿ ಮೆಚ್ಚುತ್ತೇವೆ. ಆದರೆ ಐವತ್ತು ವರುಷಗಳಲ್ಲಿ ಯಾರೂ ಕೇಳದೆ ಉಳಿದಿರುವ ಒಂದು ಪ್ರಶ್ನೆಯನ್ನು ಈಗಲಾದರೂ ಕೇಳುವುದು ಪತ್ರಿಕೆಯ ಧರ್ಮವೆಂದು ತಿಳಿಯುತ್ತೇವೆ. ಈ ನೀರು ಹೊರಡುವ ಬಾಯಿಯಲ್ಲಿಯೂ, ಬಳಸಿ ಬಿಟ್ಟ ನೀರು ಮರಳಿ ನದಿಯನ್ನು ಸೇರುವ ಬಾಯಿಯಲ್ಲಿಯೂ ವಾಸಿಸುತ್ತಿರುವ ಜನರಿಗೆ ಈ ವ್ಯವಸ್ಥೆಯ ಮೇಲ್ವಿಚಾರಣೆಯಲ್ಲಿ ಎಷ್ಟು ಸ್ಥಾನವುಂಟು?

ಉತ್ತರವನ್ನು ಹೇಳಲು ಹೆಚ್ಚು ಮಾತು ಬೇಕಾಗಿಲ್ಲ. ಸ್ಥಾನವೇ ಇಲ್ಲ.

ಓದುಗರು ಒಮ್ಮೆ ನಕ್ಷೆಯನ್ನು ಮುಂದಿಟ್ಟುಕೊಂಡು ಯಳಂದೂರು, ಕೊಳ್ಳೇಗಾಲ, ಹನೂರು ಎಂಬ ಮೂರು ತಾಲ್ಲೂಕುಗಳನ್ನು ನೋಡಬೇಕೆಂದು ಬೇಡುತ್ತೇವೆ. ಯಳಂದೂರಿನ ಮಗ್ಗುಲಲ್ಲಿ ಹರಿಯುವ ಸುವರ್ಣಾವತಿಯು ಕೊಳ್ಳೇಗಾಲದ ಸೀಮೆಯಲ್ಲಿ ಕಾವೇರಿಯನ್ನು ಕೂಡುತ್ತದೆ. ಅಲ್ಲಿಂದ ಕೆಳಗೆ ಶಿವನಸಮುದ್ರ. ನದಿಯ ಬಲದಂಡೆಯಲ್ಲಿ ಕೊಳ್ಳೇಗಾಲದ ನೆಲ, ಎಡದಂಡೆಯಲ್ಲಿ ಮಳವಳ್ಳಿಯ ನೆಲ. ಅಲ್ಲಿರುವ ಶಿವಾ ಅಣೆಕಟ್ಟಿನಿಂದ ನೀರು ನೆಟ್ಕಲ್ಲಿನ ಸಮತೋಲನ ಜಲಾಶಯಕ್ಕೂ, ಅಲ್ಲಿಂದ ತೊರೆಕಾಡನಹಳ್ಳಿಯ ಶುದ್ಧೀಕರಣ ಯಂತ್ರಾಗಾರಕ್ಕೂ, ಹಾರೋಹಳ್ಳಿ ತಾತಗುಣಿಗಳ ಪಂಪು ಮನೆಗಳ ಮೂಲಕ ನಗರಕ್ಕೂ ಹೋಗುತ್ತದೆ. ಶಿವನಸಮುದ್ರವನ್ನು ದಾಟಿದ ಕಾವೇರಿಯು ಕಾಡಿನ ಕಮರಿಗಳಲ್ಲಿ ಹರಿದು ಸಂಗಮವನ್ನು ಸೇರುವಾಗ, ಕನಕಪುರದ ಕಡೆಯಿಂದ ಬರುವ ಅರ್ಕಾವತಿಯು ಅದನ್ನು ಕೂಡಿಕೊಳ್ಳುತ್ತದೆ. ಬೆಂಗಳೂರಿನ ಪಶ್ಚಿಮ ಭಾಗದ ಕೊಳಚೆಯನ್ನು ಹೊತ್ತ ವೃಷಭಾವತಿಯು ಈ ಅರ್ಕಾವತಿಯ ಉಪನದಿ. ಸಂಗಮದ ಎದುರುದಂಡೆಯೇ ಹನೂರು ಸೀಮೆ. ಅಲ್ಲಿಂದ ಹೊಗೇನಕಲ್ಲಿನ ನೆರೆಯ ಗೋಪಿನಾಥದವರೆಗೆ ಹನೂರಿನ ಗಡಿಯುದ್ದಕ್ಕೂ ಹರಿಯುವುದು ಹೀಗೆ ಕೂಡಿದ ನೀರೇ.

ಹೀಗೆ ಯಳಂದೂರು ನಗರದ ಕೊಳವೆಗೆ ಮೇಲೆ, ಕೊಳ್ಳೇಗಾಲ ಕೊಳವೆಯ ಬಾಯಲ್ಲಿ, ಹನೂರು ಚರಂಡಿಯ ಕೆಳಗೆ ಇವೆ. ಒಂದು ಮಹಾನಗರದ ನೀರಿನ ಆದಿಯೂ ಅಂತ್ಯವೂ ಒಂದೇ ಸೀಮೆಯ ಅಂಚಿನಲ್ಲಿ ಸಂಧಿಸುವುದು ವಿರಳ. ಅಂತಹ ಸೀಮೆಯವರ ಮಾತಿಗೆ ಆ ನಗರದ ಜಲಾಡಳಿತದಲ್ಲಿ ಎಡೆಯಿಲ್ಲದಿರುವುದು ಅದಕ್ಕಿಂತಲೂ ವಿಚಿತ್ರವಾದುದು.

ದೊಡ್ಡ ಕಾಮಗಾರಿಗಳನ್ನು ಹತ್ತಿರದಿಂದ ನೋಡಿ, ಅವುಗಳ ಫಲವನ್ನು ದೂರದಿಂದ ನೋಡುವುದು ಕೊಳ್ಳೇಗಾಲಕ್ಕೆ ಹೊಸದಲ್ಲ. ೧೯೦೨ರಲ್ಲಿ ದಿವಾನ್ ಸರ್ ಕೆ. ಶೇಷಾದ್ರಿ ಅಯ್ಯರರ ಯೋಜನೆಯಿಂದ ಶಿವನಸಮುದ್ರದಲ್ಲಿ ವಿದ್ಯುತ್ತು ಹುಟ್ಟಿದಾಗ ಅದು ಮೊದಲು ಹೋದುದು ಕೋಲಾರದ ಚಿನ್ನದ ಗಣಿಗಳಿಗೆ. ೧೯೦೫ರಲ್ಲಿ ಬೆಂಗಳೂರಿನ ಬೀದಿಗಳು ಬೆಳಗಿದುವು. ಆಗ ಯಳಂದೂರು ದಿವಾನ್ ಪೂರ್ಣಯ್ಯನವರ ವಂಶದ ಜಹಗೀರಾಗಿ ಮೈಸೂರಿನಲ್ಲಿತ್ತು. ಕೊಳ್ಳೇಗಾಲವು ಹನೂರನ್ನೂ ಒಳಗೊಂಡು ಮದ್ರಾಸ್ ಅಧಿಪತ್ಯದ ಕೊಯಮತ್ತೂರು ಜಿಲ್ಲೆಯ ತಾಲ್ಲೂಕಾಗಿತ್ತು. ನದಿಯ ಒಂದು ದಂಡೆಗೆ ಒಂದು ಸರಕಾರ, ಇನ್ನೊಂದು ದಂಡೆಗೆ ಇನ್ನೊಂದು ಸರಕಾರ. ಆಗ ಕೊಳ್ಳೇಗಾಲದವರ ಮಾತು ಮೈಸೂರಿನ ಕಿವಿಗೆ ಬೀಳಲಿಲ್ಲವೆಂದರೆ ಅದಕ್ಕೊಂದು ಕಾರಣವಿತ್ತು. ೧೯೫೬ನೆಯ ಇಸವಿ ನವೆಂಬರ್ ೧ರಂದು ಕನ್ನಡಿಗರು ಒಂದಾದಾಗ ಕೊಳ್ಳೇಗಾಲವೂ ನಮ್ಮ ರಾಜ್ಯಕ್ಕೆ ಸೇರಿತು. ನೆಲವು ಕೂಡಿತು, ಭಾಷೆಯು ಕೂಡಿತು. ಆದರೆ ನದಿಯ ಆಡಳಿತದಲ್ಲಿ ಆ ಕೂಡುವಿಕೆಯು ಇನ್ನೂ ಆಗಬೇಕಾಗಿದೆ.

ನಗರವು ಒಯ್ಯುವ ನೀರಿನ ಮೊತ್ತವನ್ನು ಈಗ ನೋಡೋಣ. ಮೊದಲಿನ ನಾಲ್ಕು ಹಂತಗಳಿಂದ ದಿನಕ್ಕೆ ಸುಮಾರು ೧೪೫ ಕೋಟಿ ಲೀಟರ್. ೨೦೦೭ರಲ್ಲಿ ನಗರಕ್ಕೆ ಸೇರಿದ ೧೧೦ ಹಳ್ಳಿಗಳಿಗಾಗಿ ಕೈಗೊಂಡ ಐದನೆಯ ಹಂತದಿಂದ ೭೭ ಕೋಟಿ ೫೦ ಲಕ್ಷ ಲೀಟರ್. ಎಲ್ಲ ಯಂತ್ರಗಳೂ ಪೂರ್ಣ ಶಕ್ತಿಯಿಂದ ನಡೆದರೆ ದಿನಕ್ಕೆ ೨೨೨ ಕೋಟಿ ಲೀಟರಿಗೂ ಮೇಲ್ಪಟ್ಟು. ನದಿಯ ಭಾಷೆಯಲ್ಲಿ ಇದು ಸುಮಾರು ೯೦೦ ಕ್ಯೂಸೆಕ್. ವರುಷಕ್ಕೆ ೨೮ ಟಿ.ಎಂ.ಸಿ.ಗೂ ಮಿಕ್ಕುವುದು. ೨೦೨೩ರ ಸೆಪ್ಟೆಂಬರಿನಲ್ಲಿ ತಮಿಳುನಾಡಿಗೆ ೫೦೦೦ ಕ್ಯೂಸೆಕ್ ನೀರನ್ನು ಹದಿನೈದು ದಿನ ಬಿಡಬೇಕೆಂಬ ಆದೇಶ ಬಂದಾಗ ನಾಡೆಲ್ಲವೂ ಬಂದ್ ಆಚರಿಸಿದುದನ್ನು ನೆನೆದರೆ, ೩೬೫ ದಿನವೂ ಹರಿಯುವ ೯೦೦ ಕ್ಯೂಸೆಕ್ ಸಣ್ಣ ಮಾತಲ್ಲವೆಂಬುದು ತಿಳಿಯುವುದು.

ಈ ನೀರು ತಾನಾಗಿ ಹೋಗುವುದೂ ಇಲ್ಲ. ಸಾವಿರ ಲೀಟರ್ ನೀರನ್ನು ಐನೂರು ಮೀಟರ್ ಎತ್ತಲು, ಯಂತ್ರದ ನಷ್ಟವನ್ನು ಲೆಕ್ಕಕ್ಕೆ ಹಿಡಿಯದೆಯೇ, ಸುಮಾರು ೧.೪ ಯೂನಿಟ್ ವಿದ್ಯುತ್ತು ಬೇಕು. ಪೂರ್ಣ ಪ್ರಮಾಣದಲ್ಲಿ ದಿನಕ್ಕೆ ೩೦ ಲಕ್ಷ ಯೂನಿಟ್ಟಿಗೆ ಕಡಮೆಯಾಗದು. ಹರಿಯುವ ನೀರಿಗೆ ದೊಣ್ಣೆನಾಯಕನ ಅಪ್ಪಣೆ ಏಕೆ ಎಂಬ ಗಾದೆಯುಂಟು. ಆದರೆ ಇದು ಹರಿಯುವ ನೀರಲ್ಲ, ಏರಿಸಿದ ನೀರು. ಏರಿಸಿದ ನೀರಿಗೆ ಹಣ ಬೇಕು, ಶಕ್ತಿ ಬೇಕು, ಅಪ್ಪಣೆಯೂ ಬೇಕು. ಆ ಅಪ್ಪಣೆಯನ್ನು ಯಾರು ಕೊಡಬೇಕು, ಯಾರನ್ನು ಕೇಳಿ ಕೊಡಬೇಕು ಎಂಬುದೇ ನಮ್ಮ ಪ್ರಶ್ನೆ.

ಇನ್ನು ಮರಳಿ ಬರುವ ನೀರಿನ ಮಾತು. ಮನೆಯಲ್ಲಿ ಬಳಸಿದ ನೀರು ಮಾಯವಾಗುವುದಿಲ್ಲ. ಬಹುಪಾಲು ಚರಂಡಿಗೆ ಇಳಿಯುತ್ತದೆ. ಕಾವೇರಿ ನ್ಯಾಯಮಂಡಳಿಯು ೨೦೦೭ರ ತನ್ನ ತೀರ್ಪಿನಲ್ಲಿ, ಕುಡಿಯುವ ನೀರಿಗಾಗಿ ತೆಗೆದುದರಲ್ಲಿ ನೂರಕ್ಕೆ ೨೦ ಪಾಲು ಮಾತ್ರ ವೆಚ್ಚವಾಯಿತೆಂದೂ ಮಿಕ್ಕುದು ನದಿಗೆ ಮರಳುವುದೆಂದೂ ಲೆಕ್ಕಕ್ಕೆ ಹಿಡಿಯಿತು. ಬೆಂಗಳೂರಿನ ಮೂರರಲ್ಲೊಂದು ಭಾಗವು ಮಾತ್ರ ಕಾವೇರಿ ಕಣಿವೆಯಲ್ಲಿದೆಯೆಂದು ಭಾವಿಸಿ, ಆ ಭಾಗಕ್ಕೆ ಮಾತ್ರ ನೀರನ್ನು ಗೊತ್ತುಮಾಡಿತು. ೨೦೧೮ನೆಯ ಇಸವಿ ಫೆಬ್ರವರಿ ೧೬ರಂದು ಸುಪ್ರೀಂ ಕೋರ್ಟು ಇಡೀ ನಗರದ ಬಾಯಾರಿಕೆಯನ್ನು ಗಣಿಸಿ ೪.೭೫ ಟಿ.ಎಂ.ಸಿ.ಯನ್ನು ಹೆಚ್ಚಾಗಿ ಕೊಟ್ಟಿತು. ಅದು ನ್ಯಾಯವಾದ ತೀರ್ಮಾನ, ನಾವೆಲ್ಲರೂ ಸಂತೋಷಪಟ್ಟೆವು. ಆದರೆ ಆ ಲೆಕ್ಕದ ಇನ್ನೊಂದು ಮುಖವನ್ನು ಯಾರೂ ಗಮನಿಸಿದಂತೆ ತೋರಲಿಲ್ಲ. ನೂರಕ್ಕೆ ಎಂಬತ್ತು ಪಾಲು ಮರಳುವುದೆಂದರೆ ಏನಾಗಿ ಮರಳುವುದು? ನ್ಯಾಯದ ಪುಸ್ತಕದಲ್ಲಿ ಅದರ ಹೆಸರು ನೀರು. ವೃಷಭಾವತಿಯ ದಡದಲ್ಲಿ ನಿಂತವನ ಮೂಗಿಗೆ ಅದರ ಹೆಸರು ಬೇರೆ.

ನಗರದ ಭೂಮಿಯು ಎರಡು ಕಡೆಗೆ ಇಳಿಜಾರಾಗಿದೆ. ಪೂರ್ವದ ಕೋರಮಂಗಲ–ಚಲ್ಲಘಟ್ಟ ಮತ್ತು ಹೆಬ್ಬಾಳ ಕಣಿವೆಗಳು ದಕ್ಷಿಣ ಪಿನಾಕಿನಿಯ ಕಡೆಗೆ ಹರಿಯುವುವು. ಅಲ್ಲಿನ ಸಂಸ್ಕರಿಸಿದ ನೀರು ೨೦೧೮ರಿಂದ ಕೋಲಾರದ ಕೆರೆಗಳಿಗೆ ಹೋಗುತ್ತಿದೆ. ಪಶ್ಚಿಮದ ವೃಷಭಾವತಿ ಕಣಿವೆಯೊಂದೇ ಕಾವೇರಿಯ ಕಡೆಗೆ ಇಳಿಯುವುದು. ಆದುದರಿಂದ ಕಾವೇರಿಯಿಂದ ಏರಿಸಿದ ನೀರಿನಲ್ಲಿ ಒಂದು ಭಾಗವು ಕಾವೇರಿಗೆ ಎಂದೂ ಮರಳುವುದಿಲ್ಲ. ಮರಳುವ ಭಾಗವು ನಿರ್ಮಲವಾಗಿ ಮರಳುವುದಿಲ್ಲ. ನಗರದ ಮಂಡಳಿಯವರು ಕಣಿವೆಗಳಲ್ಲಿ ಸಂಸ್ಕರಣ ಯಂತ್ರಾಗಾರಗಳನ್ನು ಕಟ್ಟಿರುವರೆಂಬುದನ್ನು ನಾವು ಅಲ್ಲಗಳೆಯುವುದಿಲ್ಲ. ಆದರೆ ಒಳಚರಂಡಿಯನ್ನು ಸೇರದೆ ರಾಜಕಾಲುವೆಗಳಿಗೆ ನೇರವಾಗಿ ಬೀಳುವ ಕೊಳಚೆಯೂ ಕಾರ್ಖಾನೆಗಳ ವಿಸರ್ಜನೆಯೂ ಆ ಯಂತ್ರಾಗಾರಗಳ ಮಗ್ಗುಲಲ್ಲಿಯೇ ಹಾದುಹೋಗುತ್ತಿರುವುದು ಬೈರಮಂಗಲದ ಕೆರೆಯ ನೊರೆಯನ್ನು ಕಂಡವರೆಲ್ಲರೂ ಬಲ್ಲ ಸಂಗತಿ. ೨೦೧೮ರಲ್ಲಿ ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯವರು ದೇಶದ ೩೫೧ ಕಲುಷಿತ ನದೀಭಾಗಗಳ ಪಟ್ಟಿಯನ್ನು ಹೊರಡಿಸಿದಾಗ ಅದರಲ್ಲಿ ನಮ್ಮ ರಾಜ್ಯದವು ೧೭ ಇದ್ದುವು; ಅರ್ಕಾವತಿ ಕಾವೇರಿಗಳೆರಡೂ ಅವುಗಳಲ್ಲಿ ಸೇರಿದ್ದುವು.

ಹನೂರಿನ ನದಿಭಾಗವು ಈ ಎರಡು ಪೆಟ್ಟುಗಳನ್ನೂ ಒಮ್ಮೆಗೇ ತಿನ್ನುತ್ತದೆ. ಮೇಲೆ ಶಿವನಸಮುದ್ರದಲ್ಲಿ ತಿಳಿನೀರು ಕಡಮೆಯಾಗುವುದು. ಕೆಳಗೆ ಸಂಗಮದಲ್ಲಿ ಮಲಿನ ನೀರು ಹೆಚ್ಚುವುದು. ಕೊಳೆಯನ್ನು ತೊಳೆಯಬೇಕಾದ ನೀರನ್ನೇ ಮೊದಲು ತೆಗೆದುಕೊಂಡು, ಅನಂತರ ಕೊಳೆಯನ್ನು ಕಳುಹಿಸಿದಂತಾಯಿತು. ಮಳೆಗಾಲದ ಪ್ರವಾಹದಲ್ಲಿ ಇದು ಕಣ್ಣಿಗೆ ಬೀಳದು. ಏಪ್ರಿಲ್ ಮೇ ತಿಂಗಳುಗಳಲ್ಲಿ, ಕಾವೇರಿಯು ಬಂಡೆಗಳ ನಡುವೆ ಎಳೆಯಾಗಿ ಹರಿಯುವಾಗ, ಅರ್ಕಾವತಿಯ ಹರಿವಿನಲ್ಲಿ ಬಹುಭಾಗವು ನಗರದ ಚರಂಡಿಯ ನೀರೇ ಆಗಿರುವಾಗ, ಇದರ ನಿಜವಾದ ರೂಪವು ತಿಳಿಯುವುದು. ಅಲ್ಲಿ ಜನವಸತಿಯು ವಿರಳವೆಂದು ಕೆಲವರು ಹೇಳಬಹುದು. ಅಲ್ಲಿ ೧೯೮೭ರಲ್ಲಿ ಸರಕಾರವೇ ಘೋಷಿಸಿದ ಕಾವೇರಿ ವನ್ಯಧಾಮವಿದೆ. ಆನೆಗಳೂ ನೀರುನಾಯಿಗಳೂ ಮಹಶೀರ್ ಮೀನುಗಳೂ ಇವೆ. ಹರಿಗೋಲನ್ನೂ ಬಲೆಯನ್ನೂ ನಂಬಿ ಬದುಕುವ ಬಡಜನರೂ ಇದ್ದಾರೆ. ಇವರ ಸಂಖ್ಯೆ ಸ್ವಲ್ಪವೆಂಬುದು ಇವರ ನೀರು ಕೆಡಬಹುದೆಂಬುದಕ್ಕೆ ನ್ಯಾಯವಾಗದು.

ಈ ಇಡೀ ವ್ಯವಸ್ಥೆಯನ್ನು ನೋಡಿಕೊಳ್ಳುವವರು ಯಾರು? ಒಬ್ಬರಲ್ಲ, ಹಲವರು, ಹಲವರಿರುವುದರಿಂದಲೇ ಯಾರೂ ಇಲ್ಲ. ೧೯೬೪ರ ಶಾಸನದಿಂದ ಹುಟ್ಟಿದ ಬೆಂಗಳೂರು ನೀರು ಸರಬರಾಜು ಮತ್ತು ಒಳಚರಂಡಿ ಮಂಡಳಿಯು ನಗರಕ್ಕೆ ನೀರನ್ನು ತರುವುದು, ಕೊಳಚೆಯನ್ನು ಸಾಗಿಸುವುದು. ಅದರ ಕರ್ತವ್ಯವು ನಗರದ ಎಲ್ಲೆಯೊಳಗಿನ ಜನರಿಗೆ ಸಂಬಂಧಿಸಿದುದು; ಕಣಿವೆಯ ಊರುಗಳಿಗೆ ಅದರಲ್ಲಿ ಪ್ರತಿನಿಧಿಯಿಲ್ಲ. ಕೊಳ್ಳೇಗಾಲದಂತಹ ಇತರ ಪಟ್ಟಣಗಳಿಗೆ ಬೇರೆಯೇ ಒಂದು ರಾಜ್ಯ ಮಂಡಳಿ. ೧೯೭೪ರಲ್ಲಿಯೇ, ಎಂದರೆ ಕಾವೇರಿಯ ನೀರು ನಗರವನ್ನು ಮುಟ್ಟಿದ ವರುಷದಲ್ಲಿಯೇ, ಪಾರ್ಲಿಮೆಂಟು ಜಲಮಾಲಿನ್ಯದ ಕಾಯಿದೆಯನ್ನು ಮಾಡಿತು. ಅದರ ಆಧಾರದ ಮಾಲಿನ್ಯ ನಿಯಂತ್ರಣ ಮಂಡಳಿಯು ನೀರನ್ನು ಪರೀಕ್ಷಿಸುವುದು, ನೋಟೀಸು ಕಳುಹಿಸುವುದು. ಒಂದು ಸರಕಾರಿ ಮಂಡಳಿಯು ಇನ್ನೊಂದು ಸರಕಾರಿ ಮಂಡಳಿಗೆ ಬರೆದ ನೋಟೀಸಿನ ಬಲ ಎಷ್ಟೆಂಬುದನ್ನು ಅಧಿಕಾರಿ ಮಿತ್ರರಿಗೆ ನಾವು ವಿವರಿಸಬೇಕಾಗಿಲ್ಲ. ೨೦೧೮ರಲ್ಲಿ ಸ್ಥಾಪಿತವಾದ ಕಾವೇರಿ ಜಲ ನಿರ್ವಹಣಾ ಪ್ರಾಧಿಕಾರವು ಬಿಳಿಗುಂಡ್ಲುವಿನ ಮಾಪನದಲ್ಲಿ ವರುಷಕ್ಕೆ ೧೭೭.೨೫ ಟಿ.ಎಂ.ಸಿ. ಹರಿಯಿತೇ ಎಂದು ಎಣಿಸುವುದು. ಅದು ನೀರಿನ ಅಳತೆಯನ್ನು ನೋಡುವುದು. ನೀರಿನ ಗುಣವನ್ನು ನೋಡುವುದು ಅದರ ಕೆಲಸವಲ್ಲ. ೨೦೨೫ರಲ್ಲಿ ಗ್ರೇಟರ್ ಬೆಂಗಳೂರು ಪ್ರಾಧಿಕಾರವೆಂಬ ಹೊಸ ಸಂಸ್ಥೆಯೂ, ಅದರ ಅಡಿಯಲ್ಲಿ ಐದು ನಗರಪಾಲಿಕೆಗಳೂ ಬಂದುವು. ಅದರ ದೃಷ್ಟಿಯೂ ನಗರದ ಎಲ್ಲೆಗೇ ನಿಲ್ಲುವುದು. ನದಿಯನ್ನು ಮಾತ್ರ, ಹುಟ್ಟಿದಲ್ಲಿಂದ ಮರಳುವಲ್ಲಿಯವರೆಗೆ ಒಂದೇ ವಸ್ತುವೆಂದು ನೋಡುವ ಕಣ್ಣು ಯಾರಿಗೂ ಇಲ್ಲ.

ನಮ್ಮೊಳಗೆ ಆಗದಿದ್ದ ವಿಚಾರಣೆಯು ಹೊರಗಿನಿಂದ ಬಂತು. ೨೦೧೫ರಲ್ಲಿ ತಮಿಳುನಾಡು ಸರಕಾರವು ಕಾವೇರಿ ಪಿನಾಕಿನಿಗಳ ಮಾಲಿನ್ಯದ ವಿಷಯವಾಗಿ ಸುಪ್ರೀಂ ಕೋರ್ಟಿನ ಮೆಟ್ಟಿಲನ್ನು ಹತ್ತಿತು. ನೆರೆಯ ರಾಜ್ಯವು ದೂರು ಕೊಟ್ಟಿತೆಂದು ಸಿಡಿಮಿಡಿಗೊಳ್ಳುವುದು ಸುಲಭ. ಆದರೆ ಆ ಕೊಳಚೆಯು ತಮಿಳುನಾಡನ್ನು ಮುಟ್ಟುವ ಮುನ್ನ ಕನಕಪುರದ ಕನ್ನಡಿಗನನ್ನೂ ಹನೂರಿನ ಕನ್ನಡಿಗನನ್ನೂ ದಾಟಿಯೇ ಹೋಗಿತ್ತಲ್ಲವೆ? ಅವನು ಎಲ್ಲಿ ದೂರು ಕೊಡಬೇಕಾಗಿತ್ತು? ಪರರಾಜ್ಯಕ್ಕಿರುವ ನ್ಯಾಯದ ಬಾಗಿಲು ಸ್ವರಾಜ್ಯದ ಪ್ರಜೆಗೆ ಇಲ್ಲವೆಂಬುದು ನಾಡಾಭಿಮಾನಿಗಳೆಲ್ಲರೂ ನಾಚಬೇಕಾದ ಸಂಗತಿ.

ಇಲ್ಲಿ ನಾವು ಒಂದು ತಪ್ಪು ಅಭಿಪ್ರಾಯಕ್ಕೆ ಎಡೆಗೊಡಬಾರದು. ೨೦೨೪ರ ಏಪ್ರಿಲ್ ೨೬ರಂದು, ಲೋಕಸಭಾ ಚುನಾವಣೆಯ ದಿನ, ಹನೂರು ತಾಲ್ಲೂಕಿನ ಮಲೆ ಮಹದೇಶ್ವರ ಬೆಟ್ಟದ ಸೀಮೆಯ ಇಂಡಿಗನತ್ತದಲ್ಲಿ ಮತಗಟ್ಟೆಯು ಧ್ವಂಸವಾದುದನ್ನು ಓದುಗರು ಮರೆತಿರಲಾರರು. ದಾರಿ, ನೀರು ಮೊದಲಾದ ಮೂಲ ಸೌಕರ್ಯಗಳಿಲ್ಲವೆಂದು ಊರವರು ಮತದಾನವನ್ನು ಬಹಿಷ್ಕರಿಸಿದ್ದರು. ೨೯ರಂದು ಮರುಮತದಾನ ನಡೆಯಿತು. ಆ ಹಿಂಸೆಯನ್ನು ನಾವು ಎಂದೂ ಸಮರ್ಥಿಸುವುದಿಲ್ಲ. ಆ ಊರಿಗೆ ನೀರಿಲ್ಲದುದಕ್ಕೆ ಬೆಂಗಳೂರು ಕಾರಣವೆಂದೂ ನಾವು ಹೇಳುವುದಿಲ್ಲ. ಬೆಟ್ಟದ ಮೇಲಿನ ಊರಿನ ಕಷ್ಟಗಳು ಬೇರೆಯೇ ಆದುವು. ಆದರೆ ಅದೇ ವರುಷದ ಮಾರ್ಚಿಯಲ್ಲಿ ನಗರದ ಕೊಳವೆಬಾವಿಗಳು ಬತ್ತಿದಾಗ ಇಡೀ ರಾಜ್ಯದ ಆಡಳಿತವೇ ಅತ್ತ ತಿರುಗಿತು. ಅಕ್ಟೋಬರಿನಲ್ಲಿ ಐದನೆಯ ಹಂತವು ವೈಭವದಿಂದ ನೆರವೇರಿತು. ಕೂಗಿದರೆ ಕೇಳುವ ಕಿವಿ ಒಬ್ಬರಿಗೆ ಹತ್ತಿರ, ಇನ್ನೊಬ್ಬರಿಗೆ ದೂರ. ಇದೇ ಅಸಮತೆಯ ಮೂಲ. ಪ್ರತಿನಿಧಿತ್ವವೆಂಬುದು ಈ ದೂರವನ್ನು ಕಡಮೆ ಮಾಡುವ ಉಪಾಯವಲ್ಲದೆ ಬೇರೇನಲ್ಲ.

ಕಣಿವೆಯವರಿಗೆ ಸ್ಥಾನ ಕೊಡುವುದು ಕೇವಲ ದಯೆಯ ಮಾತಲ್ಲ. ನಗರದ ಸ್ವಂತ ಹಿತವೂ ಅದರಲ್ಲಿಯೇ ಇದೆ. ಬೆಂಗಳೂರಿನ ಚರಿತ್ರೆಯೇ ಇದಕ್ಕೆ ಸಾಕ್ಷಿ. ಧರ್ಮಾಂಬುಧಿಯ ಕೆರೆಯು ಬಸ್ಸು ನಿಲ್ದಾಣವಾಯಿತು. ಸಂಪಂಗಿಯ ಕೆರೆಯು ಕ್ರೀಡಾಂಗಣವಾಯಿತು. ೧೮೯೬ರಲ್ಲಿ ಅರ್ಕಾವತಿಯ ಹೆಸರುಘಟ್ಟದಿಂದ ನೀರು ತಂದರು. ಅದು ಸಾಲದೆ ೧೯೩೩ರಲ್ಲಿ ಅರ್ಕಾವತಿ ಕುಮುದ್ವತಿಗಳು ಕೂಡುವ ತಿಪ್ಪಗೊಂಡನಹಳ್ಳಿಯಲ್ಲಿ ಚಾಮರಾಜ ಸಾಗರವನ್ನು ಕಟ್ಟಿದರು. ಆ ಜಲಾಶಯದ ಜಲಾನಯನ ಭೂಮಿಯನ್ನು ರಕ್ಷಿಸಲು ೨೦೦೩ರಲ್ಲಿ ಸರಕಾರವು ಆಜ್ಞೆ ಹೊರಡಿಸಿತು. ೨೦೧೯ರಲ್ಲಿ ಅದೇ ಆಜ್ಞೆಯನ್ನು ಸಡಿಲಿಸಿತು. ನಡುವೆ ೨೦೧೦ರ ದಶಕದಲ್ಲಿ, ನೀರು ಕುಡಿಯಲು ತಕ್ಕುದಲ್ಲವೆಂದು ಅಲ್ಲಿಂದ ಎತ್ತುವುದನ್ನೇ ನಿಲ್ಲಿಸಬೇಕಾಯಿತು. ತನ್ನ ಮನೆಯ ಬಾಗಿಲಲ್ಲಿದ್ದ ನದಿಯನ್ನು ನಗರವು ಹೀಗೆ ಕಳೆದುಕೊಂಡಿತು. ಹತ್ತಿರದ ಅರ್ಕಾವತಿಯು ಕೆಟ್ಟುದರಿಂದಲೇ ದೂರದ ಕಾವೇರಿಯ ಮೇಲೆ ಭಾರವು ಮತ್ತಷ್ಟು ಹೆಚ್ಚಿತು.

ಈ ತಪ್ಪು ಮತ್ತೊಮ್ಮೆ, ಇನ್ನೂ ದೊಡ್ಡ ಪ್ರಮಾಣದಲ್ಲಿ, ಆಗುವ ಭಯವುಂಟು. ಮೇಕೆದಾಟಿನಲ್ಲಿ ೬೭ ಟಿ.ಎಂ.ಸಿ. ನೀರನ್ನು ಹಿಡಿಯುವ ಜಲಾಶಯವನ್ನು ಕಟ್ಟಬೇಕೆಂಬುದು ನಮ್ಮ ಸರಕಾರದ ಸಂಕಲ್ಪ, ಬೆಂಗಳೂರಿಗೆ ೪.೭೫ ಟಿ.ಎಂ.ಸಿ. ಕುಡಿಯುವ ನೀರನ್ನು ಒದಗಿಸುವುದು ಅದರ ಮುಖ್ಯ ಉದ್ದೇಶ. ಆ ಯೋಜನೆಯ ಹಕ್ಕಿನ ಪ್ರಶ್ನೆಯಲ್ಲಿ ಕನ್ನಡಿಗರೆಲ್ಲರೂ ಒಂದೇ. ಆದರೆ ಮೇಕೆದಾಟು ಇರುವುದು ಸಂಗಮಕ್ಕೆ ಕೆಳಗೆ. ಜಲಾಶಯದ ಹಿನ್ನೀರು ಸಂಗಮವನ್ನೇ ಮುಳುಗಿಸುವುದು. ಎಂದರೆ ಅರ್ಕಾವತಿಯು ತರುವ ನಗರದ ಕೊಳಚೆಯು ನಗರದ ಕುಡಿಯುವ ನೀರಿನ ಜಲಾಶಯದಲ್ಲಿಯೇ ಬಂದು ನಿಲ್ಲುವುದು. ಹರಿಯುವ ನದಿಯಾದರೆ ಕೊಳೆಯನ್ನು ಮುಂದಕ್ಕೆ ಒಯ್ಯುವುದು. ನಿಂತ ನೀರು ಎಲ್ಲಿಗೆ ಒಯ್ಯುವುದು? ವೃಷಭಾವತಿಯನ್ನು ಶುದ್ಧಿಗೊಳಿಸದೆ ಮೇಕೆದಾಟನ್ನು ಕಟ್ಟಿದರೆ, ಹನೂರಿನವರು ಈಗ ಮಾಡುತ್ತಿರುವ ದೂರನ್ನು ಮುಂದೆ ಬೆಂಗಳೂರಿನವರೇ ಮಾಡಬೇಕಾಗುವುದು.

ಇತರ ದೇಶಗಳಲ್ಲಿ ಇಂತಹ ಸಮಸ್ಯೆಯನ್ನು ಹೇಗೆ ಬಗೆಹರಿಸಿದರೆಂಬುದನ್ನು ತಿಳಿಯುವುದು ಉಪಯುಕ್ತ. ಅಮೆರಿಕದ ಬಾಸ್ಟನ್ ನಗರವೂ ದೂರದ ಕಣಿವೆಯಿಂದ ನೀರನ್ನು ತರುವುದು. ಕ್ವಾಬಿನ್ ಎಂಬ ಆ ಜಲಾಶಯಕ್ಕಾಗಿ ೧೯೩೮ರಲ್ಲಿ ನಾಲ್ಕು ಊರುಗಳನ್ನೇ ಇಲ್ಲವಾಗಿಸಿದರು. ನಗರದ ಕೊಳಚೆಯು ನೆರೆಯ ಕ್ವಿನ್ಸಿ, ವಿಂಥ್ರಾಪ್ ಎಂಬ ಊರುಗಳ ಮಗ್ಗುಲಲ್ಲಿ ಬಂದರಿಗೆ ಬೀಳುತ್ತಿತ್ತು. ೧೯೮೨ರಲ್ಲಿ ಕ್ವಿನ್ಸಿಯವರು ನ್ಯಾಯಾಲಯಕ್ಕೆ ಹೋದರು. ಅದರ ಫಲವಾಗಿ ೧೯೮೪ರಲ್ಲಿ ಶಾಸನವಾಗಿ, ಮರುವರುಷ ಮ್ಯಾಸಚುಸೆಟ್ಸ್ ಜಲಸಂಪನ್ಮೂಲ ಪ್ರಾಧಿಕಾರವು ಕೆಲಸವನ್ನು ಆರಂಭಿಸಿತು. ಅದರ ಹನ್ನೊಂದು ಸದಸ್ಯರಲ್ಲಿ ಬಾಸ್ಟನ್ನಿನ ಮೇಯರರು ನೇಮಿಸುವವರು ಮೂವರು ಮಾತ್ರ. ಕೊಳಚೆಯ ಯಂತ್ರಾಗಾರಗಳ ನೆರೆಯವರಾದ ಕ್ವಿನ್ಸಿಗೆ ಒಂದು, ವಿಂಥ್ರಾಪಿಗೆ ಒಂದು, ನೀರು ಕೊಡುವ ಕನೆಕ್ಟಿಕಟ್ ನದಿಯ ಕಣಿವೆಗೆ ಒಂದು, ಮೆರಿಮ್ಯಾಕ್ ನದಿಯ ಕಣಿವೆಗೆ ಒಂದು ಸ್ಥಾನವನ್ನು ಶಾಸನವೇ ಕೊಟ್ಟಿತು. ನೀರು ಕೊಡುವವನೂ ಕೊಳೆ ಹೊರುವವನೂ ನಗರದವನೊಡನೆ ಒಂದೇ ಮೇಜಿನ ಸುತ್ತ ಕುಳಿತರು. ಇದರಿಂದ ನಗರವೇನೂ ಬಾಯಾರಿ ಸಾಯಲಿಲ್ಲ. ಅದರ ಬಂದರು ತಿಳಿಯಾಯಿತು.

ಸರಕಾರವು ಎಲ್ಲರದೂ ಆಗಿರುವಾಗ ಬೇರೆ ಪ್ರತಿನಿಧಿಗಳೇಕೆ ಎಂದು ಆಕ್ಷೇಪಿಸುವವರಿರಬಹುದು. ಸರಕಾರವು ಎಲ್ಲರದೂ ಆಗಿರುವಾಗ ನಗರಕ್ಕೆ ಮಾತ್ರ ಬೇರೆ ಮಂಡಳಿ, ಬೇರೆ ಪ್ರಾಧಿಕಾರಗಳೇಕೆ ಎಂದು ನಾವು ಕೇಳಬಹುದಷ್ಟೆ. ಇನ್ನೊಂದು ಮಂಡಳಿಯಾದರೆ ಕಾಗದಪತ್ರಗಳು ಹೆಚ್ಚುವುವೇ ಹೊರತು ಕೆಲಸವಾಗದೆಂಬ ಆಕ್ಷೇಪಣೆಗೆ ಹೆಚ್ಚು ಬಲವುಂಟು. ಆದುದರಿಂದಲೇ ನಾವು ಹೊಸ ಕಚೇರಿಗಳನ್ನೂ ಹೊಸ ಹುದ್ದೆಗಳನ್ನೂ ಬೇಡುವುದಿಲ್ಲ. ಇರುವ ಸಂಸ್ಥೆಗಳ ಮೇಲೆ ಕಣಿವೆಯ ಕಣ್ಣಿರಬೇಕೆಂದು ಮಾತ್ರ ಬೇಡುತ್ತೇವೆ.

ಮೊದಲನೆಯದಾಗಿ, ೧೯೬೪ರ ಶಾಸನವನ್ನು ತಿದ್ದಿ, ನಗರದ ನೀರಿನ ಮಂಡಳಿಯಲ್ಲಿ ನೀರು ಹೊರಡುವ ಸೀಮೆಗೆ ಒಂದು, ಕೊಳಚೆ ಸೇರುವ ಸೀಮೆಗೆ ಒಂದು, ಹೀಗೆ ಕಡಮೆಯೆಂದರೆ ಎರಡು ಸ್ಥಾನಗಳನ್ನು ಗೊತ್ತುಮಾಡಬೇಕು. ಮಳವಳ್ಳಿ, ಕೊಳ್ಳೇಗಾಲ, ಯಳಂದೂರುಗಳು ಮೊದಲನೆಯದಕ್ಕೂ, ಕನಕಪುರ, ಹನೂರುಗಳು ಎರಡನೆಯದಕ್ಕೂ ತಮ್ಮ ಚುನಾಯಿತ ಸಂಸ್ಥೆಗಳ ಮೂಲಕ ಸರದಿಯಂತೆ ಪ್ರತಿನಿಧಿಗಳನ್ನು ಕಳುಹಿಸಲಿ. ಎರಡನೆಯದಾಗಿ, ಶಿವಾ ಅಣೆಕಟ್ಟಿನಲ್ಲಿ ದಿನವೂ ಎತ್ತಿದ ನೀರಿನ ಮೊತ್ತವನ್ನೂ, ಸಂಗಮದ ಬಳಿ ಅರ್ಕಾವತಿಯ ನೀರಿನ ಗುಣವನ್ನೂ ಕನ್ನಡದಲ್ಲಿ ಬರೆದು ತಾಲ್ಲೂಕು ಕಚೇರಿಗಳ ಮುಂದೆ ಪ್ರಕಟಿಸಬೇಕು. ನದಿಯ ಲೆಕ್ಕವು ಮಳೆಯ ಲೆಕ್ಕದಂತೆ ಎಲ್ಲರಿಗೂ ತಿಳಿಯಬೇಕಾದುದು. ಮೂರನೆಯದಾಗಿ, ನಗರದವರು ತೆರುವ ನೀರಿನ ದರದಲ್ಲಿ ಒಂದು ಗೊತ್ತಾದ ಪಾಲು ನದೀತೀರದ ಪಟ್ಟಣಗಳ ಒಳಚರಂಡಿಗೂ ಸಂಸ್ಕರಣಕ್ಕೂ ಮೀಸಲಾಗಬೇಕು. ಕೊಳವೆಯ ಮೇಲ್ಗಡೆಯ ಊರುಗಳು ಶುಚಿಯಾಗಿದ್ದರೆ ನಗರದ ಶುದ್ಧೀಕರಣದ ವೆಚ್ಚವೂ ಇಳಿಯುವುದು. ಕೊನೆಯದಾಗಿ, ಮುಂದೆ ಯಾವ ಹಂತದ ನೀರನ್ನು ಎತ್ತಬೇಕಾದರೂ, ಅಷ್ಟಕ್ಕೆ ತಕ್ಕ ಕೊಳಚೆಯನ್ನು ಸಂಸ್ಕರಿಸುವ ಯಂತ್ರಾಗಾರವು ಮೊದಲು ನಡೆಯುತ್ತಿರಬೇಕು. ಈವರೆಗೆ ನೀರು ಮುಂದೆ ಓಡಿತು, ಚರಂಡಿಯು ಹ್ಯಾಗೋ ಹಿಂಬಾಲಿಸಿತು. ಇನ್ನು ಮುಂದೆ ಎರಡೂ ಜೊತೆಯಾಗಿ ನಡೆಯಲಿ.

ಹಕ್ಕನ್ನು ಬೇಡುವವರು ಕರ್ತವ್ಯವನ್ನು ಮರೆಯಬಾರದು. ಕೊಳ್ಳೇಗಾಲದ ನಗರಸಭೆಯವರಿಗೂ ಹನೂರು ಯಳಂದೂರುಗಳ ಪಟ್ಟಣ ಪಂಚಾಯಿತಿಯವರಿಗೂ ನಾವು ಒಂದು ಮಾತನ್ನು ಹೇಳಲೇಬೇಕು. ಸುವರ್ಣಾವತಿಗೆ ಬಿಟ್ಟ ಪ್ರತಿಯೊಂದು ಚರಂಡಿಯೂ ಕಾವೇರಿಗೆ ಬಿಟ್ಟ ಚರಂಡಿಯೇ. ಮನೆಯ ಕಸವನ್ನು ಹೊಳೆಯ ದಂಡೆಗೆ ಸುರಿದು ಬೆಂಗಳೂರಿನ ಕೊಳಚೆಯನ್ನು ದೂಷಿಸುವುದು ಶೋಭಿಸುವುದಿಲ್ಲ. ಊರು ಚಿಕ್ಕದಾದುದರಿಂದ ಕೊಳೆಯೂ ಚಿಕ್ಕದೆಂಬ ಸಮಾಧಾನವು ಸಲ್ಲದು. ಬೆಂಗಳೂರೂ ಒಂದು ಕಾಲಕ್ಕೆ ಚಿಕ್ಕ ಊರೇ ಆಗಿತ್ತು. ಮೇಜಿನ ಬಳಿ ಸ್ಥಾನವನ್ನು ಕೇಳಲು ಹೋಗುವವರು ಕೈ ತೊಳೆದುಕೊಂಡು ಹೋಗುವುದು ಲೇಸು.

ನಗರದವರಿಗೂ ನಮ್ಮದೊಂದು ವಿಜ್ಞಾಪನೆ. ಕಣಿವೆಯವರು ಬೆಂಗಳೂರಿನ ವೈರಿಗಳಲ್ಲ. ಅವರ ಮಕ್ಕಳು ಅಲ್ಲಿಯೇ ಓದುತ್ತಿದ್ದಾರೆ, ಅಲ್ಲಿಯೇ ದುಡಿಯುತ್ತಿದ್ದಾರೆ, ಆ ನೀರನ್ನೇ ಕುಡಿಯುತ್ತಿದ್ದಾರೆ. ಬಾಯಾರಿದವನಿಗೆ ನೀರು ಕೊಡಬಾರದೆಂಬ ಮಾತು ಈ ನಾಡಿನಲ್ಲಿ ಹುಟ್ಟಲಾರದು. ಅರವಟ್ಟಿಗೆಯನ್ನಿಡುವುದು ಪುಣ್ಯವೆಂದು ನಂಬಿದ ಜನರು ಇವರು. ಆದರೆ ಅರವಟ್ಟಿಗೆಯಲ್ಲಿ ನೀರು ಕುಡಿದವನು ಪಾತ್ರೆಯನ್ನು ತೊಳೆದಿಡುವುದು ವಾಡಿಕೆ. ಅಷ್ಟು ವಾಡಿಕೆಯನ್ನು ರಾಜಧಾನಿಯೂ ಪಾಲಿಸಲಿ ಎಂಬುದಕ್ಕಿಂತ ಹೆಚ್ಚಾಗಿ ಕಣಿವೆಯವರು ಏನನ್ನೂ ಬೇಡುತ್ತಿಲ್ಲ.

ವಿಧಾನ ಮಂಡಲದಲ್ಲಿ ಈ ಸೀಮೆಯ ಪ್ರತಿನಿಧಿಗಳಾಗಿ ಕುಳಿತಿರುವ ಮಹನೀಯರು ಪಕ್ಷಭೇದವನ್ನು ಬದಿಗಿಟ್ಟು ಈ ವಿಷಯವನ್ನು ಎತ್ತಿಕೊಳ್ಳಬೇಕು. ೧೯೬೪ರ ಶಾಸನಕ್ಕೆ ಎರಡು ಸಾಲಿನ ತಿದ್ದುಪಡಿಯನ್ನು ತರುವುದು ಅಸಾಧ್ಯವಾದ ಕೆಲಸವಲ್ಲ. ಸರಕಾರದವರು ಅದನ್ನು ತಾವಾಗಿಯೇ ಮಾಡಿದರೆ ಅವರಿಗೆ ಕೀರ್ತಿ; ಜನರು ಕೇಳಿ ಮಾಡಿಸಿಕೊಂಡರೆ ಜನರಿಗೆ ಕೀರ್ತಿ; ನ್ಯಾಯಾಲಯವು ಆಜ್ಞಾಪಿಸಿ ಮಾಡಿಸಿದರೆ ಇಬ್ಬರಿಗೂ ಅಪಕೀರ್ತಿ. ಇವುಗಳಲ್ಲಿ ಮೊದಲನೆಯದೇ ಆಗಲೆಂದು ನಾವು ಹಾರೈಸುತ್ತೇವೆ; ಎರಡನೆಯದಕ್ಕೆ ಕಣಿವೆಯ ಜನರು ಸಿದ್ಧರಾಗಿರಬೇಕೆಂದೂ ಸೂಚಿಸುತ್ತೇವೆ.